ಹಿತ್ತಲ ಕೊಳಕ್ಕೆ ಬೂದಿ ತಡೆಯುವ ಹೊದಿಕೆ: ಶೇಡ್ ನೆಟ್ಟೋ, ತಾಡಪತ್ರಿಯೋ?

ಖಾನಾಪುರದ ಕಾಡಂಚಿನಲ್ಲಿ ಬೇಸಿಗೆಯ ಕಾಳ್ಗಿಚ್ಚಿನ ಬೂದಿ ಗಾಳಿಯೊಡನೆ ಬಂದು ಹಿತ್ತಲ ಮೀನಿನ ಕೊಳದ ಮೇಲೆ ಕೂರುವುದರಿಂದ, ಬೆಳಗಾವಿಯ ಕೃಷಿ ಸಾಮಗ್ರಿ ಅಂಗಡಿಯೊಂದರಲ್ಲಿ 75 ಪ್ರತಿಶತ ನೆರಳಿನ ಶೇಡ್ ನೆಟ್ ಮತ್ತು ದಪ್ಪ ತಾಡಪತ್ರಿ ಎರಡನ್ನೂ ಕೊಂಡು ಬಳಸಿದೆ.

ನೆಟ್ ಸುಟ್ಟ ಎಲೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ನುಣ್ಣನೆಯ ಬೂದಿ ಅದರ ಕಣ್ಣುಗಳಿಂದ ಸಲೀಸಾಗಿ ಇಳಿಯುತ್ತದೆ, ಇಬ್ಬನಿ ಬಿದ್ದ ಬೆಳಗ್ಗೆಯಂತೂ ಮೇಲೆ ಉಳಿದ ಕರಿಯೂ ನೆನೆದು ಕಂದು ಹನಿಗಳಾಗಿ ನೀರಿಗೆ ತೊಟ್ಟಿಕ್ಕುತ್ತದೆ. ಕಟ್ಟಿಗೆಯ ಬೂದಿ ಕ್ಷಾರೀಯವಾದದ್ದರಿಂದ ಅದು ಹೆಚ್ಚು ಸೇರಿದರೆ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರುತ್ತದೆ, ಪಿಎಚ್ ಏರಿದಂತೆ ಮೀನುಗಳು ವಿಸರ್ಜಿಸುವ ಅಮೋನಿಯಾದ ವಿಷವೂ ಹೆಚ್ಚುತ್ತದೆ. ಸಣ್ಣ ಕೊಳಕ್ಕೆ ಇದು ಅಲಕ್ಷಿಸುವ ಮಾತಲ್ಲ.

ಹಾಗಾಗಿ ನನ್ನ ಒಲವು ತಾಡಪತ್ರಿಯ ಕಡೆಗೆ. ನಡುವೆ ಬಿದಿರಿನ ಗಳ ಕೊಟ್ಟು ಇಳಿಜಾರಾಗಿ ಕಟ್ಟಿ, ಗಾಳಿಗೆ ಎದುರಾದ ಬದಿಯನ್ನು ನೆಲದವರೆಗೆ ಇಳಿಬಿಟ್ಟು, ಮರೆಯ ಬದಿಯಲ್ಲಿ ಗೇಣುದ್ದ ಸಂದು ಉಳಿಸಿದರೆ ಬೂದಿ ಬಹುಪಾಲು ಹೊರಗೇ ಜಾರುತ್ತದೆ. ಒಳಗೆ ಏರ್ ಪಂಪ್ ನಡೆಯುತ್ತಿರಲೇಬೇಕು, ಮತ್ತು ಅದು ಗಾಳಿ ಎಳೆಯುವ ಜಾಗ ಹೊಗೆಯಿಂದ ದೂರವಿರಬೇಕು. ದೋಷವೆಂದರೆ, ತಾಡಪತ್ರಿಯ ಮೂಲೆಯಲ್ಲಿ ಹಗ್ಗ ಕಟ್ಟುವ ಲೋಹದ ಕಣ್ಣುಗಳು ಮೊದಲ ಬಿರುಗಾಳಿಗೇ ಕಿತ್ತುಬಂದವು. ಅಂಗಡಿಯವರು ಬದಲಿಸಿಕೊಡಲು ಒಪ್ಪಲಿಲ್ಲ. ಕೊಳ್ಳುವವರು ಅಂಚಿನಲ್ಲಿ ಹಗ್ಗ ಸೇರಿಸಿ ಹೊಲಿದದ್ದನ್ನೇ ಕೇಳಿ ಪಡೆಯಬೇಕು. ಎರಡೂ ಪ್ಲಾಸ್ಟಿಕ್ಕೇ ಆದ್ದರಿಂದ ಕೆಂಡದ ಕಿಡಿ ಹಾರಿಬರುವಷ್ಟು ಹತ್ತಿರ ಬೆಂಕಿಯಿದ್ದರೆ ಈ ಹೊದಿಕೆಯನ್ನು ಬಿಚ್ಚಿಡುವುದೇ ಸರಿ.