ಅರಮನೆ ಮುಂದೆಯೋ, ಎಂಟನೇ ಕ್ರಾಸಿನಲ್ಲೋ?

ದಸರೆಯ ಒಂದು ರಾತ್ರಿ ಮೈಸೂರು ಅರಮನೆಯಿಂದ ಮನೆಗೆ ಬಂದು, ಭರತನಾಟ್ಯ ತುಂಬಾ ಚೆನ್ನಾಗಿತ್ತು ಅಂದೆ. ಹೂ ಕಟ್ಟುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದರು: "ಅವಳ ಕಣ್ಣು ಕಾಣಿಸ್ತಾ?"

ಕಾಣಿಸಿರಲಿಲ್ಲ. ನಾನು ಕೂತ ಜಾಗಕ್ಕೆ ಆ ಕಲಾವಿದೆ ಹೆಬ್ಬೆರಳಿನಷ್ಟಿದ್ದರು. ನಿಜ ಹೇಳಬೇಕಂದ್ರೆ ನಾನು ನೋಡಿದ್ದು ಪಕ್ಕದ ಎಲ್‌ಇಡಿ ಪರದೆಯನ್ನು.

ಚಿಕ್ಕಂದಿನಲ್ಲಿ ಅಮ್ಮ ನಾಲ್ಕು ವರ್ಷ ನಾಟ್ಯ ಕಲಿತಿದ್ದವರು. ಸುಮ್ನೆ ಕೇಳಿದ ಮಾತಲ್ಲ ಅದು. ಮುಂದಿನ ವರ್ಷ ಗಣೇಶನ ಹಬ್ಬದಿಂದ ರಂಗಾಯಣದವರ ನಾಟಕೋತ್ಸವ ಬಹುರೂಪಿಯವರೆಗೆ, ಮೈಸೂರಿನ ಒಂದು ಸೀಸನ್ ಪೂರ್ತಿ, ಯಾವುದಕ್ಕೆ ಯಾವ ಜಾಗ ಸರಿ ಅಂತ ನೋಡಲು ಅವರನ್ನೂ ಕರೆದುಕೊಂಡು ಸುತ್ತಿದೆ.

ಅರಮನೆಯನ್ನು ಬೈಯುವ ಮನಸ್ಸು ನನಗಿಲ್ಲ. 1912ರಲ್ಲಿ ಮುಗಿದ ಆ ಕಟ್ಟಡದ ಮೇಲೆ ಲಕ್ಷದ ಹತ್ತಿರ ಬಲ್ಬು ಒಟ್ಟಿಗೆ ಹತ್ತಿಕೊಂಡಾಗ ಇಡೀ ಜನ "ಓ" ಅನ್ನುತ್ತಾರೆ. ಎಷ್ಟು ಸಲ ನೋಡಿದ್ದರೂ ನಾನೂ ಅನ್ನುತ್ತೇನೆ. ಟಿಕೆಟ್ ಇಲ್ಲ, ಹೆಸರಾಂತ ಕಲಾವಿದರು ಬರುತ್ತಾರೆ. ಇಪ್ಪತ್ತು ಜನ ಕುಣಿಯುವ ನೃತ್ಯರೂಪಕ, ವಾದ್ಯವೃಂದ, ಪೊಲೀಸ್ ಬ್ಯಾಂಡ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ. ಆದರೆ ಮುಂದಿನ ಕುರ್ಚಿಗಳಿಗೆ ಪಾಸ್ ಬೇಕು. ನಮ್ಮಂಥವರು ಹಿಂದೆ. ಆಲಾಪನೆ ನಿಧಾನಕ್ಕೆ ಏರುತ್ತಿರುವಾಗ ಮುಂದಿನವರು ಮೊಬೈಲ್ ಎತ್ತಿದರೆ, ಅವರ ಫೋನಿನೊಳಗೇ ಕಛೇರಿ ನೋಡಬೇಕು.

ಇದರಲ್ಲಿ ಒಂದು ತಮಾಷೆ ಇದೆ. ಮೈಸೂರು ಶೈಲಿಯ ನಾಟ್ಯಕ್ಕೆ ಹೆಸರು ಬಂದಿದ್ದೇ ಅಭಿನಯದಿಂದ. ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1992ರಲ್ಲಿ ಪದ್ಮಭೂಷಣ ಬಂತಲ್ಲ, ಅವರೇ) ಇಬ್ಬರೂ ಅರಮನೆಯ ಕಲಾವಿದೆಯರು. ಹುಬ್ಬು ಒಂದಿಷ್ಟು ಏರಿದರೆ ಸಾಲಿನ ಅರ್ಥವೇ ಬದಲಾಗುವ ಕಲೆ ಅದು. ಹತ್ತಿರ ಕೂತು ನೋಡುವವರಿಗೆ ಅಂತಲೇ ಬೆಳೆದದ್ದು. ಈಗ ಅದೇ ಅರಮನೆ ಮುಂದೆ ಸಾವಿರಾರು ಜನ ಕೂತು ಹುಬ್ಬು ಹುಡುಕುತ್ತೇವೆ.

ಹಾಗಾಗಿ ನಾಟ್ಯಕ್ಕೆ ಜಗನ್ಮೋಹನ ಅರಮನೆಯೇ ಸರಿ. 1861ರ ಕಟ್ಟಡ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಆಡಳಿತಾಧಿಕಾರ ವಹಿಸಿಕೊಟ್ಟ ಸಮಾರಂಭ ನಡೆದದ್ದೂ ಅಲ್ಲೇ, 1902ರಲ್ಲಿ. ಬೇಗ ಹೋಗಿದ್ದರಿಂದ ಮೂರನೇ ಸಾಲು ಸಿಕ್ಕಿತು. ಒಂದು ಜಾವಳಿಯಲ್ಲಿ, ಅಂದರೆ ಶೃಂಗಾರದ ಹಾಡಿನಲ್ಲಿ, ಒಂದೇ ಸಾಲು ಐದಾರು ಸಲ ಬಂತು. ಮೊದಲು ಸಿಟ್ಟು, ಆಮೇಲೆ ಕೊಂಕು, ಆಮೇಲೆ ಹುಸಿನಗೆ. ಕೊನೆಯ ಸಲ ಕಲಾವಿದೆ ಕೈಯನ್ನೇ ಎತ್ತಲಿಲ್ಲ, ಸುಮ್ಮನೆ ಒಮ್ಮೆ ನೋಡಿದರು ಅಷ್ಟೇ. ಪಕ್ಕದಲ್ಲಿ ಅಮ್ಮನ ಬೆರಳುಗಳು ಸೆರಗಿನ ಮರೆಯಲ್ಲಿ ನಾಟ್ಯದ ಹಸ್ತಮುದ್ರೆ ಹಿಡಿಯುತ್ತಿದ್ದವು. ನೋಡಿಯೂ ನೋಡದ ಹಾಗೆ ಕೂತೆ.

ಸಂಗೀತದ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳ. ಅಮ್ಮನಿಗೆ ಎಲ್ಲದಕ್ಕೂ ಒಂಟಿಕೊಪ್ಪಲಿನ ಎಂಟನೇ ಕ್ರಾಸೇ ಆಗಬೇಕು. ಅಲ್ಲಿ ಗಣೇಶೋತ್ಸವದ ಸಂಗೀತ 1962ರಿಂದ ನಡೆಯುತ್ತಿದೆ. ರಸ್ತೆಗೇ ಚಪ್ಪರ ಹಾಕುತ್ತಾರೆ. ಚಪ್ಪಲಿ ಮೆಟ್ಟಿಕೊಂಡು ಬಂದರೆ ಆಯ್ತು, ಪಾಸ್ ಗೀಸ್ ಇಲ್ಲ. ಪಕ್ಕದ ಹಿರಿಯರು ತೊಡೆ ಮೇಲೆ ತಾಳ ಹಾಕುತ್ತಿರುತ್ತಾರೆ, ನೀವು ತಪ್ಪಿದರೆ ಕಣ್ಣಲ್ಲೇ ತಿದ್ದುತ್ತಾರೆ. ದೂರದಲ್ಲೊಂದು ಸ್ಕೂಟರ್ ಹಾರ್ನ್ ಕೇಳಿದರೂ ಯಾರಿಗೂ ಬೇಜಾರಿಲ್ಲ. ಹಾಡುಗಾರಿಕೆಗೂ ಪಿಟೀಲಿಗೂ ನಾನೂ ಅಲ್ಲಿಗೇ ಹೋಗುತ್ತೇನೆ.

ವೀಣೆಗೆ ಮಾತ್ರ ನನ್ನ ಓಟು ಕುವೆಂಪುನಗರಕ್ಕೆ, ಗಾನಭಾರತಿ ಸಂಗೀತ ಸಂಸ್ಥೆಯವರ ವೀಣೆ ಶೇಷಣ್ಣ ಭವನಕ್ಕೆ. ತಂತಿ ಎಳೆದು ಬಿಟ್ಟ ಮೇಲೆ ನಾದ ಸವೆಯುತ್ತಾ ಹೋಗುವುದು ಸಣ್ಣ ಹಾಲ್‌ನಲ್ಲಿ ಮಾತ್ರ ಕೇಳುತ್ತದೆ. ಮೈಕ್ ಜಾಸ್ತಿಯಾದರೆ ಎಲ್ಲಾ ಕೆಟ್ಟಿತು. ಊರಿನ ಇನ್ನೊಂದು ಕಡೆ, ಹೆಸರು ಬೇಡ, ವೀಣೆಯ ಮೈಕನ್ನು ಎಷ್ಟು ಜೋರು ಮಾಡಿದ್ದರೆಂದರೆ ಬೇಲಿಯ ತಂತಿ ಮೀಟಿದ ಹಾಗಿತ್ತು. ಅರ್ಧಕ್ಕೇ ಎದ್ದು ಬಂದೆವು. ಹಿಂದೆ ಕೂತವರಿಗೂ ಕೇಳಲಿ ಅಂತ ನಮ್ಮ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು. ಈಗ ಗುಂಡಿ ತಿರುಗಿಸಿದರೆ ಮುಗೀತು ಅಂದುಕೊಂಡಿದ್ದೇವೆ.

ಸಿನಿಮಾ ವಿಷಯಕ್ಕೆ ಬಂದರೆ ಅಮ್ಮನ ಪ್ರಶ್ನೆ ಬದಲಾಯಿತು: "ಅಕ್ಷರ ಕಾಣಿಸುತ್ತಾ?" ಬಂಗಾಳಿಯೋ ಮಲಯಾಳವೋ, ಸಬ್‌ಟೈಟಲ್ ಓದದೆ ಗತಿಯಿಲ್ಲ. ದಸರಾ ಚಿತ್ರೋತ್ಸವ ನಡೆಯುವ ಮಲ್ಟಿಪ್ಲೆಕ್ಸ್‌ನಲ್ಲಿ ಕುರ್ಚಿ ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ಮುಂದಿನವರ ತಲೆ ಅಡ್ಡ ಬರಲ್ಲ. ಅಮ್ಮ ಒಂದು ಸಾಲೂ ಬಿಡದೆ ಓದಿದರು. ಎಸಿ ಅಂತ ಶಾಲು ಹೊದ್ದುಕೊಂಡೇ ಕೂತಿದ್ದರು. ಆದರೆ ಚಿತ್ರ ಮುಗಿದ ಕೂಡಲೇ ಎಸ್ಕಲೇಟರ್ ಕೆಳಗಿಳಿಸುತ್ತದೆ, ಪಾಪ್‌ಕಾರ್ನ್ ವಾಸನೆ, ಅಷ್ಟೇ.

ರಂಗಾಯಣದ ಬಹುರೂಪಿಯಲ್ಲೂ ಸಿನಿಮಾ ತೋರಿಸುತ್ತಾರೆ, ಅಲ್ಲಿ ಚಿತ್ರ ಮುಗಿದ ಮೇಲೇ ಮಜಾ. ಹೊರಗೆ ಬಂದರೆ ಟೀ, ಪುಸ್ತಕದ ಮಳಿಗೆ, ಜಾನಪದ ಕುಣಿತ, ಆಮೇಲೆ ನಾಟಕ. ಯಾರೋ ಗುರುತಿಲ್ಲದವರು, "ಆ ಹುಡುಗ ಕೊನೆಯಲ್ಲಿ ಮನೆಗೆ ಹೋಗಬಾರದಿತ್ತು ಅಲ್ವಾ?" ಅಂತ ನನ್ನನ್ನು ಹಿಡಿದುಕೊಂಡರು. ಅರ್ಧ ಗಂಟೆ ವಾದ ಮಾಡಿದೆವು. ಸಿನಿಮಾಕ್ಕೆ ನನ್ನ ಆಯ್ಕೆ ಇದೇ. ಅಮ್ಮ ಒಪ್ಪಲ್ಲ, "ನನಗೆ ಮುಂದಿನವನ ತಲೆಯೇ ಸಿನಿಮಾ ಆಗಿತ್ತು" ಅನ್ನುತ್ತಾರೆ.

ಈ ವರ್ಷದ ಪಟ್ಟಿ ಅವರೇ ಮಾಡಿದ್ದಾರೆ. ಒಂಟಿಕೊಪ್ಪಲಿಗೆ ಪ್ರತಿದಿನ, ದಿಂಬು ತಗೊಂಡು. ಜಗನ್ಮೋಹನಕ್ಕೆ ಶುರುವಾಗೋ ಒಂದು ಗಂಟೆ ಮುಂಚೆ. ಅರಮನೆಗೆ ಒಂದೇ ದಿನ, ಅದೂ ಪೊಲೀಸ್ ಬ್ಯಾಂಡ್ ಇರುವ ದಿನ. ಬ್ಯಾಂಡಿನವರ ಕಣ್ಣು ಯಾರಿಗೆ ಬೇಕು, ಅಂತಾರೆ.