ಕಾಲೇಜು ಲೈಬ್ರರಿಗೆ ಕೊಹಾ: ಡೆಮೊ ನಮ್ಮ ಪುಸ್ತಕಗಳದ್ದೇ ಆಗಲಿ

ನಮ್ಮ ಪದವಿ ಕಾಲೇಜಿನ ಲೈಬ್ರರಿ ಈಗ ಕೊಹಾದಲ್ಲಿ ನಡೆಯುತ್ತಿದೆ. ನನಗೆ ತುಂಬಾ ಹಿಡಿಸಿದೆ. ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ಗಾಗಿ 1999ರಲ್ಲಿ ಶುರುವಾದ, ಲೈಬ್ರರಿಯ ಪುಸ್ತಕಗಳ ಲೆಕ್ಕ, ಹುಡುಕಾಟ, ಕೊಡುಕೊಳ್ಳುವಿಕೆ ನೋಡಿಕೊಳ್ಳುವ ಸಾಫ್ಟ್‌ವೇರ್ ಇದು. ಓಪನ್ ಸೋರ್ಸ್, ಲೈಸೆನ್ಸ್‌ಗೆ ದುಡ್ಡಿಲ್ಲ. ಆದರೆ ಸರ್ವರ್ ಕಂಪ್ಯೂಟರಿಗೆ ಹಾಕಿಕೊಡಲು, ಹಳೇ ಡೇಟಾ ತುಂಬಲು, ಕೈಕೊಟ್ಟಾಗ ಓಡಿ ಬರಲು ವೆಂಡರ್ ಬೇಕೇ ಬೇಕು. ಆರಿಸುವ ಕಷ್ಟ ಇರುವುದೇ ಅಲ್ಲಿ.

ಬಂದವರೆಲ್ಲ ಚೆಂದದ ಡೆಮೊ ತೋರಿಸಿದರು. ಅವರದೇ ಪುಸ್ತಕ, ಅವರದೇ ಹೆಸರು, ಎಲ್ಲ ಸಲೀಸು. ಅದನ್ನು ನೋಡಿ ಏನು ತಿಳಿಯುತ್ತೆ? ನಮ್ಮ ಅಕ್ಸೆಷನ್ ರಿಜಿಸ್ಟರಿನ (ಲೈಬ್ರರಿಗೆ ಬಂದ ಪುಸ್ತಕಗಳನ್ನೆಲ್ಲ ನಮೂದಿಸುವ ದಾಖಲೆ) ಅತಿ ಗೋಜಲಿನ ದಾಖಲೆಗಳನ್ನೇ ಆರಿಸಿ ಎಲ್ಲರಿಗೂ ಕೊಟ್ಟೆ. ಲೇಖಕರ ಹೆಸರೇ ಇಲ್ಲದವು, ಹಲವು ಸಂಪುಟದವು, ಮುಖ್ಯವಾಗಿ ಹಿಂದೆ 'ನುಡಿ' ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಪುಸ್ತಕಗಳ ವಿವರಗಳು.

ಒಬ್ಬರು ಅವನ್ನು ಯುನಿಕೋಡಿಗೆ (ಈಗಿನ ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತ) ಬದಲಿಸಿ ತಂದಾಗ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗಿತ್ತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಮೊದಲು. ಆ ಅದಲುಬದಲು ಅವರು ಮಾಡಿರಲಿಲ್ಲ. ಹುಡುಗರು ಸರಿಯಾಗಿ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ಪುಸ್ತಕ ಕಪಾಟಿನಲ್ಲೇ ಇರುತ್ತೆ, ಇಲ್ಲ ಅಂದುಕೊಂಡು ವಾಪಸ್ ಹೋಗುತ್ತಾರೆ. 'ಆಮೇಲೆ ಸರಿ ಮಾಡ್ತೀವಿ ಸರ್' ಅಂದರು. ಒಪ್ಪಲಿಲ್ಲ.

ನಾವು ಆರಿಸಿದವರು ಅದೇ ದಾಖಲೆಗಳನ್ನು ನೆಟ್ಟಗೆ ತಂದರು. ಜೊತೆಗೆ, ತಮಗೆ ಅನುಮಾನ ಬಂದ ಹೆಸರುಗಳನ್ನು ಬೇರೆ ಪಟ್ಟಿ ಮಾಡಿ, 'ಇವನ್ನು ಪುಸ್ತಕ ತೆಗೆದು ನೋಡಿ' ಅಂದರು. ನನಗೆ ನಂಬಿಕೆ ಬಂದದ್ದು ಆಗ. ಅವರ ದರ ಎಲ್ಲರಿಗಿಂತ ಕಮ್ಮಿ ಇರಲಿಲ್ಲ. ಪ್ರಿನ್ಸಿಪಾಲರಿಗೆ ತಪ್ಪಿದವರದ್ದು, ಇವರದ್ದು ಎರಡೂ ಪ್ರಿಂಟ್ ಪಕ್ಕಪಕ್ಕ ಇಟ್ಟು ತೋರಿಸಿದೆ, ಒಪ್ಪಿದರು.

ಎಎಂಸಿಯಲ್ಲಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ, ಎರಡು ಮಾತು ಬರೆಸಿಕೊಳ್ಳಿ. ಕೊಹಾದ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ ಬರುತ್ತೆ. ಅಪ್‌ಗ್ರೇಡ್ ಅದೇ ದರದಲ್ಲಿ ಸೇರಿದೆಯಾ ಕೇಳಿ. ಇನ್ನೊಂದು, ಪೂರ್ತಿ ಡೇಟಾಬೇಸಿನ ಬ್ಯಾಕಪ್ ನಮ್ಮ ಕೈಯಲ್ಲೇ ಇರಬೇಕು. ಅದಿದ್ದರೆ ನಾಳೆ ವೆಂಡರ್ ಬದಲಾದರೂ ಲೈಬ್ರರಿ ನಿಲ್ಲುವುದಿಲ್ಲ.

ತರಬೇತಿ ಮಾತ್ರ ಸಾಲದು. ಕೊಹಾದ ಕ್ಯಾಲೆಂಡರಿನಲ್ಲಿ ರಜೆ ತುಂಬಬೇಕು ಅಂತ ಯಾರೂ ಹೇಳಿರಲಿಲ್ಲ. ದಸರಾ ರಜೆಗೂ ಪುಸ್ತಕ ತಡವಾಯಿತು ಅಂತ ಮಕ್ಕಳ ಮೇಲೆ ದಂಡ ಬಿತ್ತು. ಫೋನ್ ಮಾಡಿದ ದಿನವೇ ಸರಿಪಡಿಸಿದರು, ದಂಡವನ್ನೂ ತೆಗೆದೆವು. ನೀವು ತರಬೇತಿಯ ಮೊದಲ ದಿನವೇ ಇಶ್ಯೂ (ಪುಸ್ತಕ ಎರವಲು ಕೊಡುವ) ನಿಯಮ, ದಂಡ, ರಜೆ ಈ ಮೂರನ್ನೂ ಕೂತು ಮಾಡಿಸಿಕೊಳ್ಳಿ.