ಬಯೋಟೆಕ್ ವಕೀಲರ ಜೊತೆ ಐದು ವರ್ಷ: ಮೊದಲ ಪ್ರಶ್ನೆಗೇ ಫೀಸು ವಸೂಲಾಯ್ತು

ಮೂರು ಜನ ಸೇರಿ ಬೆಂಗಳೂರಿನಲ್ಲಿ ಪುಟ್ಟದೊಂದು ಬಯೋಟೆಕ್ ಕಂಪನಿ ನಡೆಸುತ್ತೇವೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣದ ಬದಲು ಹೊಡೆಯಬಹುದಾದ ಬ್ಯಾಕ್ಟೀರಿಯಾ ದ್ರಾವಣ ಮಾಡುವುದು ನಮ್ಮ ಕೆಲಸ. 2020ರಿಂದ ಒಂದೇ ಲಾ ಫರ್ಮ್ ಜೊತೆ ಇದ್ದೇವೆ. ಬಯೋಟೆಕ್, ಔಷಧ ಕಂಪನಿಗಳ ಕೆಲಸವನ್ನಷ್ಟೇ ಮಾಡುವವರು. ದೂರೂ ಹೇಳಲಿಕ್ಕಿದೆ, ಅದಕ್ಕೆ ಹೆಸರು ಬರೆಯುತ್ತಿಲ್ಲ.

ಮೊದಲ ಭೇಟಿಗೆ ನಮ್ಮ ಲ್ಯಾಬ್ ಫಲಿತಾಂಶದ ಗ್ರಾಫ್ ಎಲ್ಲ ಹೊತ್ತುಕೊಂಡು ಹೋಗಿದ್ದೆವು. ಫರ್ಮಿನ ಹಿರಿಯ ವಕೀಲೆ ಗ್ರಾಫ್ ನೋಡಲೇ ಇಲ್ಲ. "ಮಣ್ಣು ಎಲ್ಲಿಂದ ತಂದ್ರಿ?" ಅಂದರು. ಶಿರಸಿ ಹತ್ತಿರದ ನಮ್ಮ ತೋಟದ್ದೇ ಅಂದೆ. ಅಪ್ಪನ ತೋಟದ ಮಣ್ಣಿಗೆ ಯಾರ ಅಪ್ಪಣೆ ಬೇಕು, ಅಲ್ವಾ? ಬೇಕಂತೆ. 2002ರ ಜೀವವೈವಿಧ್ಯ ಕಾಯ್ದೆಗೆ ತೋಟ ಯಾರದ್ದು ಅನ್ನುವುದು ಮುಖ್ಯ ಅಲ್ಲ. ಮಣ್ಣಿನ ಸೂಕ್ಷ್ಮಜೀವಿಯೂ ಜೈವಿಕ ಸಂಪನ್ಮೂಲವೇ. ಅದರ ಮೇಲೆ ಪೇಟೆಂಟ್ ಸಿಗಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಪತ್ರ ಇರಬೇಕಿತ್ತು.

ಅದಾದ ಮೇಲೆ ಭಾವನ ವಿಷಯ ಬಂತು. ನನ್ನ ಭಾವ ಅಮೆರಿಕದ ಪ್ರಜೆ. ಪ್ರೀತಿಯಿಂದ ದುಡ್ಡು ಹಾಕಿ ಎರಡು ಪರ್ಸೆಂಟ್ ಷೇರು ತಗೊಳ್ತೇನೆ ಅಂದಿದ್ದರು. ವಕೀಲೆ ಪೆನ್ ಕೆಳಗಿಟ್ಟರು. ಆಗಿನ ಕಾಯ್ದೆಯಲ್ಲಿ ಬಂಡವಾಳದಲ್ಲಿ ಒಂಚೂರು ವಿದೇಶಿ ಪಾಲಿದ್ದರೂ, ಸಂಶೋಧನೆಗೆ ಮಣ್ಣು ಮುಟ್ಟುವ ಮೊದಲೇ ಪ್ರಾಧಿಕಾರದ ಒಪ್ಪಿಗೆ ಬೇಕಿತ್ತು. ತಪ್ಪಿದರೆ ಜೈಲು ಶಿಕ್ಷೆಯ ಅವಕಾಶವೂ ಇತ್ತು. ಭಾವನ ದುಡ್ಡು ಬೇಡ ಅಂದೆವು. ಆಮೇಲೆ 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಜೈಲು ಹೋಯ್ತು, ದಂಡ ಉಳಿಯಿತು. ವಿದೇಶಿಯರ ಹಿಡಿತದಲ್ಲಿರುವ ಕಂಪನಿಗಳಿಗೆ ಮಾತ್ರ ಆ ಬಿಗಿ ನಿಯಮ ಅಂತಾಯ್ತು. ಭಾವ ಈಗಲೂ ಹಬ್ಬಕ್ಕೆ ಫೋನ್ ಮಾಡಿದಾಗ ಅದನ್ನೇ ಕೆದಕುತ್ತಾರೆ.

ಇನ್ನೊಂದು ಸಲ ನಮ್ಮ ಲ್ಯಾಬಿನ ಹುಡುಗಿಯೊಬ್ಬಳು ಸಮ್ಮೇಳನಕ್ಕೆ ಪೋಸ್ಟರ್ ಮಾಡಿಕೊಂಡಿದ್ದಳು. ಮಾತಿನ ಮಧ್ಯೆ ಸುಮ್ನೆ ಹೇಳಿದೆ, ಅಷ್ಟೇ. ವಕೀಲರಿಗೆ ಗಾಬರಿ. ಅರ್ಜಿ ಹಾಕುವ ಮೊದಲೇ ಪ್ರಕಟವಾದರೆ ಪೇಟೆಂಟ್ ಕೈತಪ್ಪಬಹುದಂತೆ. ಅಮೆರಿಕದಲ್ಲಿ ಪ್ರಕಟಿಸಿದ ಮೇಲೂ ಒಂದು ವರ್ಷ ಬಿಡುವಿದೆ. ನಮ್ಮಲ್ಲಿರುವ ವಿನಾಯಿತಿ ತುಂಬಾ ಇಕ್ಕಟ್ಟಿನದು, ಅದನ್ನು ನಂಬಿ ಪೋಸ್ಟರ್ ಅಂಟಿಸಬೇಡಿ ಅಂದರು. ಐದು ದಿನದಲ್ಲಿ ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿಸಿದರು. ಸ್ಟಾರ್ಟಪ್ ಆದ್ದರಿಂದ ಸರ್ಕಾರಿ ಶುಲ್ಕ 1,600 ರೂಪಾಯಿ. ಅವರ ಫೀಸಿನಲ್ಲಿ ಎಷ್ಟು ಸೊನ್ನೆ ಇತ್ತು ಅಂತ ಕೇಳಬೇಡಿ.

ಬ್ಯಾಕ್ಟೀರಿಯಾಕ್ಕೇ ಪೇಟೆಂಟ್ ಬೇಕು ಅಂತ ನಾವು ಹಟ ಹಿಡಿದಿದ್ದೆವು. ಪ್ರಕೃತಿಯಲ್ಲಿ ಇದ್ದದ್ದನ್ನು ಹುಡುಕಿ ತೆಗೆದರೆ ಅದು ಆವಿಷ್ಕಾರ ಅಲ್ಲ, ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಸಿ) ಬಿಡುವುದಿಲ್ಲ ಅಂದರು. ನಮ್ಮ ಮಿಶ್ರಣಕ್ಕೆ ಕೇಳೋಣ, ಆದರೆ ಬೆರೆಸಿದ್ದರಿಂದ ಹೆಚ್ಚಿನ ಪರಿಣಾಮ ಬಂದಿದೆ ಅಂತ ಅಂಕಿಅಂಶ ತೋರಿಸಬೇಕು ಅಂದರು. ಮತ್ತೆ ಒಂದು ಮಳೆಗಾಲ ತೋಟದಲ್ಲಿ ನೆನೆದೆವು. ಬ್ಯಾಕ್ಟೀರಿಯಾ ತಳಿಯ ಮಾದರಿ ಚಂಡೀಗಢದ ಎಂಟಿಸಿಸಿ ಅನ್ನುವ ಸೂಕ್ಷ್ಮಜೀವಿ ಭಂಡಾರಕ್ಕೆ ಹೋಯ್ತು.

ನನಗೆ ಜಾಸ್ತಿ ಇಷ್ಟವಾದದ್ದು ಪ್ಯಾಕೆಟ್ಟಿನ ಕಥೆ. ಮಾದರಿ ಪ್ಯಾಕೆಟ್ ಮೇಲೆ 'ಕೊಳೆರೋಗ ತಡೆಯುತ್ತದೆ' ಅಂತ ದೊಡ್ಡದಾಗಿ ಅಚ್ಚು ಹಾಕಿಸಿದ್ದೆ. ವಕೀಲೆ ಆ ಎರಡು ಪದಕ್ಕೆ ಕೆಂಪು ಗೆರೆ ಎಳೆದರು. ರೋಗ ತಡೆಯುತ್ತದೆ ಅಂದ ಕೂಡಲೇ ಕಾನೂನಿನ ಲೆಕ್ಕದಲ್ಲಿ ಅದು ಕೀಟನಾಶಕ, 1968ರ ಕೀಟನಾಶಕ ಕಾಯ್ದೆ, ಫರೀದಾಬಾದಿನ ಕೇಂದ್ರ ಕಚೇರಿಯಲ್ಲಿ ನೋಂದಣಿ. ಗಿಡ ಚೆನ್ನಾಗಿ ಬೆಳೆಯುತ್ತದೆ ಅಂತ ಬರೆದರೆ ಅದು ರಸಗೊಬ್ಬರ ನಿಯಂತ್ರಣ ಆದೇಶದ ದಾರಿ. ಹಾಗಂತ ಸುಲಭದ ದಾರಿಗಾಗಿ ಸುಳ್ಳು ಬರೆಯಬೇಡಿ, ರೈತ ಕೊಳ್ಳುವುದು ಕೊಳೆರೋಗಕ್ಕೇ ತಾನೇ ಅಂದರು. 500 ಪ್ಯಾಕೆಟ್ ರದ್ದಿಗೆ ಹೋಯ್ತು.

ಈಗ ದೂರು. ಬಿಲ್ಲು ಆರು ನಿಮಿಷದ ಲೆಕ್ಕದಲ್ಲಿ ಬರುತ್ತದೆ. ನಾನು ಕಳಿಸಿದ 'ಥ್ಯಾಂಕ್ಸ್ ಮೇಡಂ' ಮೇಲ್ ಓದಿದ್ದಕ್ಕೂ ಒಂದು ಸಾಲು ಬಿಲ್ಲಿತ್ತು. ಕೇಳಿದ ಮೇಲೆ ತೆಗೆದರು, ಆದರೆ ಕೇಳಬೇಕಾಯ್ತು. ಕಿರಿಯ ವಕೀಲರು ಐದು ವರ್ಷದಲ್ಲಿ ನಾಲ್ಕು ಜನ ಬದಲಾದರು. ಪ್ರತಿ ಸಲ ಕೊಳೆರೋಗ ಅಂದರೇನು ಅನ್ನುವಲ್ಲಿಂದ ಶುರು, ಅದೂ ನಮ್ಮ ಖರ್ಚಿನಲ್ಲಿ. ಫರೀದಾಬಾದಿನ ನೋಂದಣಿ ಕೆಲಸ ಇವರಿಗೆ ಅಷ್ಟಾಗಿ ಬರುವುದಿಲ್ಲ. ಹೊರಗಿನ ಸಲಹೆಗಾರರಿಗೆ ಕೊಟ್ಟು ನಡುವೆ ತಮ್ಮ ಪಾಲು ಸೇರಿಸುತ್ತಾರೆ. ಅದನ್ನು ಈಗ ನಾವೇ ನೇರವಾಗಿ ನೋಡಿಕೊಳ್ಳುತ್ತಿದ್ದೇವೆ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಪೇಟೆಂಟ್ ಕಚೇರಿ ಆಕ್ಷೇಪ ಎತ್ತಿ ಕಳಿಸುವ ಮೊದಲ ಪರೀಕ್ಷಾ ವರದಿಗೆ ಉತ್ತರ ಕೊಡುವಾಗ. ಆರು ತಿಂಗಳ ಗಡುವು. ಕರಡು ನಮ್ಮ ಕೈಗೆ ಬಂದದ್ದು ನಾಲ್ಕು ದಿನ ಉಳಿದಿದ್ದಾಗ. ಏಳನೇ ಪುಟದಲ್ಲಿ ಅಡಿಕೆ ಇರಬೇಕಾದ ಕಡೆ 'ಟೊಮೇಟೊ ಎಲೆ' ಅಂತಿತ್ತು! ಬೇರೆ ಯಾರದೋ ಕಡತದಿಂದ ಎತ್ತಿದ್ದು. ರಾತ್ರಿ ಕೂತು ನಾನೇ ತಿದ್ದಿದೆ. ಆ ತಿಂಗಳ ಬಿಲ್ಲಿನಲ್ಲಿ 'ಕಕ್ಷಿದಾರರ ತಿದ್ದುಪಡಿ ಪರಿಶೀಲನೆ' ಅಂತ ಎರಡು ಗಂಟೆ ಹಾಕಿದ್ದರು. ಕೊಡಲಿಲ್ಲ.

ಇನ್ನೂ ಲ್ಯಾಬ್ ಬಿಟ್ಟು ಹೊರಗೆ ಬಂದಿಲ್ಲದ ಕಂಪನಿಗೆ ತಿಂಗಳ ಒಪ್ಪಂದ ಬೇಡ. ಎರಡು ಗಂಟೆಯ ಸಮಾಲೋಚನೆಗೆ ದುಡ್ಡು ಕೊಟ್ಟು ಮಣ್ಣು, ಷೇರು, ಪೋಸ್ಟರ್, ಪ್ಯಾಕೆಟ್ ಈ ನಾಲ್ಕನ್ನೂ ಅವರ ಮುಂದಿಡಿ. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಅದರಲ್ಲಿ ಮೂರು ಹಿರಿಯ ವಕೀಲೆಯ ಪಾಲಿನದು. ಮುಂದಿನ ತಿಂಗಳು ಒಪ್ಪಂದ ನವೀಕರಣ ಇದೆ. ಕರಡು ಗಡುವಿಗೆ ಮೂವತ್ತು ದಿನ ಮೊದಲೇ ಬರಬೇಕು ಅನ್ನುವ ಷರತ್ತು ಬರೆದು ಕಳಿಸಿದ್ದೇನೆ. ಅದನ್ನು ಓದಿದ್ದಕ್ಕೂ ಬಿಲ್ಲು ಬರುತ್ತದೋ ಏನೋ.